ಹಿಂಬಾಗಿಲಿಂದ ಒಳಗೆ ಬನ್ನಿ

ಮಾರ್ಚ್ ೪, ಮಂಗಳವಾರ

ಬೆಳಿಗ್ಗೆ: ಔಷಧಿ ಅಂಗಡಿಯವರ ಬೀರುವಿನ ಬೀಗ ಬಿಚ್ಚಿದ್ದು ಒಂದು. ಹಾಸ್ಟೆಲ್ ವಾರ್ಡನ್ನರಿಗೆ ಜೋಡಿ ಬೀಗದ ಕೈ ಮೂರು. ದಂತವೈದ್ಯರ ಮನೆಯ ಮುಂಬಾಗಿಲಿಗೆ ಒಳಚಿಲಕ, ಕೆಲಸ ಅರ್ಧ.

ಮಧ್ಯಾಹ್ನ: ಒಬ್ಬ ಮನುಷ್ಯನ ತಲೆಗೆ ಹೊಡೆದೆ.

ಇದನ್ನು ಇಲ್ಲಿ ಬರೆಯಬೇಕೋ ಬೇಡವೋ ಗೊತ್ತಿಲ್ಲ. ಇದು ಕೆಲಸದ ಪುಸ್ತಕ. ಬೀಗದ ಕೆಲಸ ಕಲಿಸಲು ಶುರು ಮಾಡಿದ ದಿನವೇ ಅಪ್ಪ ಹೇಳಿದ್ದ, ಎಲ್ಲಿ ಕಳ್ಳತನವಾದರೂ ಪೊಲೀಸರು ಮೊದಲು ಬರುವುದು ನಮ್ಮ ಹತ್ತಿರ, ಆದ್ದರಿಂದ ಯಾವ ಬೀಗದ ಕೈ ಯಾರಿಗೆ ಮಾಡಿಕೊಟ್ಟೆ ಅಂತ ಅವತ್ತಿಂದವತ್ತೇ ಬರೆದಿಡು, ಹೊಲಿದ ಪುಸ್ತಕದಲ್ಲಿ ಬರೆ, ಪುಟಕ್ಕೆ ಸಂಖ್ಯೆ ಹಾಕು, ಹರಿಯಬೇಡ, ಅಳಿಸಬೇಡ ಅಂತ. ಇಪ್ಪತ್ತಾರು ವರ್ಷದಿಂದ ಹಾಗೇ ಮಾಡಿಕೊಂಡು ಬಂದಿದ್ದೇನೆ. ಕೆಲಸದ ಜೊತೆಗೆ ಹೊಟ್ಟೆನೋವು, ಗಿರಾಕಿಗಳ ಕಿರಿಕಿರಿ, ಯಾರದೋ ಮೇಲಿನ ಸಿಟ್ಟು ಎಲ್ಲವೂ ಇದರೊಳಗೇ ಬಂದು ಬಿದ್ದಿವೆ. ಬರೆದದ್ದನ್ನು ತಿರುಗಿಸಿ ಓದುವ ಅಭ್ಯಾಸ ಮಾತ್ರ ನನಗಿಲ್ಲ. ಬರೆದರೆ ಮುಗಿಯಿತು.

ದಂತವೈದ್ಯರ ಮನೆಯಲ್ಲಿ ಡ್ರಿಲ್ಲಿನ ಮೊನೆ ಮುರಿಯಿತು. ಇನ್ನೊಂದು ನಮ್ಮ ಮನೆಯಲ್ಲಿತ್ತು. ಅಂಗಡಿಯ ಶಟರ್ ಎಳೆದೇ ಹೋಗಿದ್ದರಿಂದ ನೇರ ಮನೆಗೆ ಬಂದೆ. ಮುಂಬಾಗಿಲು ತೆಗೆದು ಒಳಗೆ ಬಂದರೆ ಹೆಂಡತಿಯ ಸದ್ದಿಲ್ಲ. ಅಡುಗೆಮನೆ ದಾಟಿ ಹಿಂದಿನ ಕೋಣೆಗೆ ಕಾಲಿಟ್ಟೆ. ನನ್ನ ರಿಪೇರಿ ಬೆಂಚಿನ ಹತ್ತಿರ ಯಾರೋ ಗಂಡಸು. ನನಗೆ ಬೆನ್ನು ಹಾಕಿ ನಿಂತಿದ್ದ. ನೀರು ಕುಡಿಯುತ್ತಿದ್ದ. ತಲೆ ಹಿಂದಕ್ಕೆ ಬಾಗಿತ್ತು, ಗುಟುಕಿನ ಸದ್ದು ನನಗೆ ಕೇಳುತ್ತಿತ್ತು.

ಎರಡು ವಾರದಿಂದ ಬೀದಿಯಲ್ಲಿ ಇದೇ ಮಾತು. ಹಾಡುಹಗಲೇ ಮೂರು ಮನೆ ಒಡೆದಿದ್ದಾರೆ. ನಾನೇ ಹೋದಲ್ಲೆಲ್ಲ ಅದನ್ನು ಹೇಳಿ ಹೇಳಿ ಚಿಲಕ ಹಾಕಿಸುತ್ತಿದ್ದೆ. ಜನರನ್ನು ಹೆದರಿಸುವುದೂ ನಮ್ಮ ಕಸುಬಿನ ಒಂದು ಭಾಗ. ಹೆದರಿಸಿ ಹೆದರಿಸಿ ನಾನೇ ಹೆದರಿಕೊಂಡಿದ್ದೆನೋ ಏನೋ. ಗೋಡೆಗೆ ಒರಗಿಸಿಟ್ಟಿದ್ದ ಪೈಪು ತಿರುಗಿಸುವ ದೊಡ್ಡ ಪಾನ ಕೈಗೆ ಬಂತು. ಯಾರದು ಅಂತ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಒಂದೇ ಏಟು. ಅವನು ಕಮಕ್ ಕಿಮಕ್ ಅನ್ನಲಿಲ್ಲ. ಹೂವಿನ ಚಿತ್ತಾರದ ಆ ಗಾಜಿನ ಲೋಟವೇ ಸದ್ದು ಮಾಡಿದ್ದು.

ಇವಳು ಟೆರೇಸಿನಿಂದ ಒಣಗಿದ ಬಟ್ಟೆ ತಬ್ಬಿಕೊಂಡು ಇಳಿದು ಬಂದಳು. ನೋಡಿದವಳೇ ಬಟ್ಟೆಯನ್ನೆಲ್ಲ ಕೆಳಗೆ ಬಿಟ್ಟಳು. "ಅಯ್ಯೋ, ಏನ್ ಮಾಡಿಬಿಟ್ರಿ" ಅಂದಳು. ಆಂಬುಲೆನ್ಸಿಗೆ ಫೋನ್ ಮಾಡಿದವಳೂ ಅವಳೇ.

ಇನ್ಸ್‌ಪೆಕ್ಟರ್ ಒಳ್ಳೆಯವರು, ಅವರ ಸ್ಟೇಷನ್ನಿನ ಲಾಕಪ್ಪಿನ ಬೀಗವನ್ನು ನಾನೇ ಎರಡು ಸಲ ರಿಪೇರಿ ಮಾಡಿಕೊಟ್ಟಿದ್ದೇನೆ. ಇವನ ಪರಿಚಯ ಇದೆಯಾ ಅಂತ ಇವಳನ್ನು ಕೇಳಿದರು, ಇವಳು ಇಲ್ಲ ಅಂತ ತಲೆಯಾಡಿಸಿದಳು. ನಿಮ್ಮ ಮೇಲೆ ಬಂದನಾ ಅಂತ ನನ್ನನ್ನು ಕೇಳಿದರು. ನಾನು ಒಡೆದ ಲೋಟದ ಚೂರುಗಳ ಕಡೆ ನೋಡಿದೆ. ನಿಧಾನಕ್ಕೆ ನೆನಪು ಮಾಡಿಕೊಳ್ಳಿ, ನಾಳೆ ಬರೆದುಕೊಳ್ಳುತ್ತೇನೆ ಅಂದರು.

ಅವರೆಲ್ಲ ಹೋದ ಮೇಲೆ ಬೆಂಚಿನ ಕೆಳಗೆ ಒಂದು ಹಿತ್ತಾಳೆ ಬೀಗ ಸಿಕ್ಕಿತು. ಕೊಂಡಿ ತೆರೆದೇ ಇತ್ತು, ಬೀಗದ ಕೈ ಇರಲಿಲ್ಲ. ನನ್ನದಲ್ಲ. ನನ್ನ ಹತ್ತಿರ ಇರುವ ಒಂದೊಂದು ಬೀಗದ ಮುಖವೂ ನನಗೆ ಗೊತ್ತು. ತಲೆ ಓಡುತ್ತಿರಲಿಲ್ಲ, ಹಳೆ ಬೀಗಗಳ ಡಬ್ಬಕ್ಕೆ ಹಾಕಿದೆ.

ಅಂಗೈ ಇನ್ನೂ ಜುಮ್ಮೆನ್ನುತ್ತಿದೆ. ಏಟು ಅವನಿಗೆ ಬಿದ್ದದ್ದು, ಕೈ ನನ್ನದು ನೋಯುತ್ತಿದೆ.

ಮಾರ್ಚ್ ೫, ಬುಧವಾರ

ಕೆಲಸ ಇಲ್ಲ. ಅಂಗಡಿ ತೆಗೆಯಲಿಲ್ಲ.

ಅವನು ಬದುಕಿದ್ದಾನೆ, ಪ್ರಜ್ಞೆ ಬಂದಿಲ್ಲ. ಅವನು ಪ್ಯಾಕಿಂಗ್ ಕಾರ್ಖಾನೆಯಲ್ಲಿ ಡಬ್ಬಿಗೆ ಚೀಟಿ ಅಂಟಿಸುವವನಂತೆ. ಅಕ್ಕ ತಮ್ಮ ಇಬ್ಬರೇ ಒಂದು ಬಾಡಿಗೆ ಕೋಣೆಯಲ್ಲಿರುವುದಂತೆ. ಪೊಲೀಸ್ ದಾಖಲೆಯಲ್ಲಿ ಅವನ ಹೆಸರು ಇಲ್ಲ ಅಂತ ಇನ್ಸ್‌ಪೆಕ್ಟರ್ ಹೇಳಿದರು.

ಈಗಿರುವ ಕಾನೂನನ್ನೂ ಅವರೇ ಬಿಡಿಸಿ ಹೇಳಿದರು. ಅಪಾಯ ಎಷ್ಟಿತ್ತೋ ಏಟೂ ಅಷ್ಟೇ ಇರಬೇಕಂತೆ. ಮನೆ ನಿಮ್ಮದೇ ಆದರೂ ಅಷ್ಟೇ. ಬರೀ ನಿಂತಿದ್ದವನಿಗೆ ಹೊಡೆದಿದ್ದರೆ ಕೇಸು, ಮೇಲೆ ಬಂದವನಿಗೆ ಹೊಡೆದಿದ್ದರೆ ಆತ್ಮರಕ್ಷಣೆ. "ಯೋಚಿಸಿ ಹೇಳಿ. ನಿಮ್ಮ ಹೆಜ್ಜೆ ಸದ್ದು ಕೇಳಿ ಅವನು ತಿರುಗಿರಲೇಬೇಕಲ್ಲ?" ಅಂದರು.

ತಿರುಗಿರಲೇಬೇಕು. ಯಾರಾದರೂ ತಿರುಗುತ್ತಾರೆ. ಸ್ವಲ್ಪ ತಿರುಗಿದ ಹಾಗಾಯಿತು ಅಂತ ಬರೆಸಿದೆ.

ಇವಳು ಹಿಂದಿನ ಕೋಣೆಯ ನೆಲವನ್ನು ಮೂರನೇ ಸಲ ಒರೆಸುತ್ತಿದ್ದಾಳೆ.

ಮಾರ್ಚ್ ೭, ಶುಕ್ರವಾರ

ಒಳಚಿಲಕ ಒಂಬತ್ತು. ಸರಪಳಿ ಆರು. ದಂತವೈದ್ಯರ ಬಾಕಿ ಕೆಲಸ ಮುಗಿಯಿತು, ಅವರು ಕೈ ಕುಲುಕಿ ನಮ್ಮ ಬೀದಿಯ ಮಾನ ಉಳಿಸಿದಿರಿ ಅಂದರು. ನನಗೆ ಎಲ್ಲಿ ಮುಖ ಮುಚ್ಚಿಕೊಳ್ಳಲಿ ಅನ್ನಿಸಿತು. ಅಂಗಡಿಯ ಮುಂದೆ ಜನವೋ ಜನ. ಬೀಗ ಕೊಳ್ಳಲು ಬಂದವರು ಕಡಿಮೆ, ನನ್ನ ಮುಖ ನೋಡಲು ಬಂದವರೇ ಹೆಚ್ಚು.

ಸಂಜೆ ಮನೆಮಾಲೀಕರ ಸಂಘದ ಕಾರ್ಯದರ್ಶಿ ಬಂದರು. ಪಕ್ಕದಲ್ಲಿ ಕೂತವರ ಜೊತೆಗೂ ಮೈಕಿನ ಮುಂದೆ ನಿಂತ ಹಾಗೆ ಮಾತಾಡುತ್ತಾರೆ, ಹಾಗಾಗಿ ಬೀದಿಯವರೆಲ್ಲ ಮೈಕಣ್ಣ ಅಂತಲೇ ಕರೆಯುವುದು. ಕಾನೂನಿಗೆ ತಿದ್ದುಪಡಿ ಬರುತ್ತಿದೆಯಂತೆ. ಕರೆಯದೆ ಮನೆಯೊಳಗೆ ಬಂದವನ ಮೇಲೆ ಮನೆಯವರು ಕೈ ಮಾಡಿದರೆ, ಏಟು ಎಷ್ಟು ಜೋರಾಗಿತ್ತು ಅಂತ ಯಾರೂ ಕೇಳುವಂತಿಲ್ಲ. ಈಗ ನಡೆಯುತ್ತಿರುವ ಕೇಸುಗಳಿಗೂ ಅದು ಅನ್ವಯಿಸುತ್ತದೆ ಅನ್ನುವ ಒಂದು ಸಾಲೂ ಅದರಲ್ಲಿದೆ. ಸಮಿತಿಯೊಂದು ಎಲ್ಲರ ಅಭಿಪ್ರಾಯ ಕೇಳುತ್ತಿದೆ. ಅದರ ಮುಂದೆ ನನ್ನಂಥವನೊಬ್ಬ ನಿಂತು ಮಾತಾಡಿದರೆ ಸಾಕು, ಮಸೂದೆ ಪಾಸಾದ ಹಾಗೇ ಅಂದರು.

ನಾನು ಮಾತಾಡುವವನಲ್ಲ ಅಂದೆ. ಅವರು ಬಿಡಲಿಲ್ಲ. ನಡೆದದ್ದನ್ನೆಲ್ಲ ಒಂದೊಂದಾಗಿ ಕೇಳಿದರು. ಹೂವಿನ ಲೋಟದ ಮಾತು ಬಂದಾಗ, ಅದನ್ನು ಎಲ್ಲಿ ಇಟ್ಟಿದ್ದಿರಿ ಅಂದರು. ಆ ಆರು ಲೋಟಗಳನ್ನು ಇವಳು ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಕಾಗದದಲ್ಲಿ ಸುತ್ತಿ ಇಡುತ್ತಾಳೆ, ಸ್ಟೂಲ್ ಹತ್ತದೆ ಕೈಗೆ ಸಿಗುವುದಿಲ್ಲ. ಮೈಕಣ್ಣ ತೊಡೆ ತಟ್ಟಿಕೊಂಡರು. ಅಂದರೆ ಮನೆಯನ್ನೆಲ್ಲ ಜಾಲಾಡಿದ್ದಾನೆ ಅಂದರು. ಹೌದಲ್ಲ, ನನಗೆ ಇದು ಹೊಳೆದೇ ಇರಲಿಲ್ಲ. ಮೂರು ದಿನದಲ್ಲಿ ಮೊದಲ ಸಲ ಉಸಿರು ಸರಾಗವಾಗಿ ಆಡಿತು.

ಅವನ ಕೈಯಲ್ಲಿ ಏನೋ ಇತ್ತು ಅಂತಲೂ ಹೇಳಿದೆ. ಇತ್ತು ಕೂಡ.

ಇವಳು ನೀರು ತಂದಿಟ್ಟು ಹೋದಳು. ಮೈಕಣ್ಣನ ಮುಖವನ್ನೂ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ.

ಮಾರ್ಚ್ ೧೧, ಮಂಗಳವಾರ

ಜೋಡಿ ಕೈ ನಾಲ್ಕು.

ಮನೆಯ ಹಿಂಬಾಗಿಲ ಹೊರಗಿನ ಬೋರ್ಡು ಬಿಚ್ಚಿಟ್ಟೆ. "ಅಂಗಡಿ ಮುಚ್ಚಿದ್ದರೆ ಹಿಂಬಾಗಿಲಿಂದ ಒಳಗೆ ಬನ್ನಿ" ಅಂತ ಹನ್ನೆರಡು ವರ್ಷದ ಹಿಂದೆ ನಾನೇ ಬರೆದದ್ದು. ಬಣ್ಣ ಎದ್ದಿದೆ, ಅಕ್ಷರ ವಕ್ರ. ಹೊಸದಾಗಿ ಬರೆಸಬೇಕು, ಈಗ ಪುರಸೊತ್ತಿಲ್ಲ. ಮಂಚದ ಕೆಳಗೆ ತಳ್ಳಿದೆ. ಶಟರಿನ ಮೇಲೆ ಅಂಟಿಸಿದ್ದ ಮನೆ ವಿಳಾಸದ ಚೀಟಿಯೂ ಹರಿದಿತ್ತು, ಕೆರೆದು ತೆಗೆದೆ.

ಮಾರ್ಚ್ ೧೬, ಭಾನುವಾರ

ಸಂಘದ ಸಭೆ. ಇನ್ನೂರು ಜನ ಇದ್ದರೇನೋ. ವೇದಿಕೆಯನ್ನು ಕಂಬಿ ಹಿಡಿದುಕೊಂಡು ಹತ್ತಿದೆ, ಇಳಿಯುವಾಗ ಹಿಡಿಯಲಿಲ್ಲ. ಅವನು ಗಕ್ಕನೆ ತಿರುಗಿದ, ಕೈಯಲ್ಲಿ ಏನೋ ಮಿಂಚಿತು, ನಾನು ಹೆಂಡತಿಯನ್ನು ನೆನೆದುಕೊಂಡೆ, ಅಂದೆ. ಹೆಂಡತಿ ಅನ್ನುವ ಮಾತಿಗೆ ಹೆಂಗಸರ ಕಡೆಯಿಂದ ಚಪ್ಪಾಳೆ ಬಿತ್ತು. ಜೀವಮಾನದಲ್ಲಿ ನನಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಬೀಗ ತೆಗೆದುಕೊಟ್ಟರೆ ಬಾಗಿಲು ತೆಗೆದು ಒಳಗೆ ಹೋಗುತ್ತಾರೆ, ಅಷ್ಟೇ.

ಇವಳು ತಲೆನೋವು ಅಂತ ಬರಲಿಲ್ಲ. ಎಂಥ ಹೆಂಗಸೋ. ಗಂಡ ಜೈಲಿಗೆ ಹೋಗುವುದು ತಪ್ಪುತ್ತಿದ್ದರೂ ಮುಖದಲ್ಲಿ ಒಂದು ಗೆಲುವಿಲ್ಲ.

ಮಾರ್ಚ್ ೨೩, ಭಾನುವಾರ

ಮನೆಯಲ್ಲೇ ಇದ್ದೆ. ಕೈ ಸುಮ್ಮನಿರಲಿಲ್ಲ, ಡಬ್ಬ ಸುರಿದುಕೊಂಡು ಕೂತೆ. ಆ ಹಿತ್ತಾಳೆ ಬೀಗ ಕೈಗೆ ಬಂತು. ಹಳೆಯ ಕಾಲದ್ದು, ಒಳಗೆ ಎಲೆಯಂಥ ಐದು ತಗಡು. ಈಗ ಯಾರೂ ಇಂಥದ್ದನ್ನು ಮಾಡುವುದಿಲ್ಲ. ಹಲ್ಲು ಕೊರೆಯದ ಬೀಗದ ಕೈಯೊಂದನ್ನು ಹೊಗೆಗೆ ಹಿಡಿದು ಕಪ್ಪು ಮಾಡಿ, ಒಳಗಿಟ್ಟು ತಿರುಗಿಸಿ, ಮಸಿ ಹೋದ ಗುರುತು ನೋಡಿ ನೋಡಿ ಅರ ಉಜ್ಜಿದೆ. ಒಂದು ಗಂಟೆಯ ಕೆಲಸ. ತಿರುಗಿಸಿದರೆ ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ ಹೋಯಿತು. ಹಾಕಿ ತೆಗೆದೆ, ಹಾಕಿ ತೆಗೆದೆ. ಖುಷಿಯಾಯಿತು.

ಬರೆಯಬೇಕಲ್ಲ. ಹಿತ್ತಾಳೆ ಬೀಗಕ್ಕೆ ಹೊಸ ಕೈ ಒಂದು. ಗಿರಾಕಿ:

ಇಪ್ಪತ್ತಾರು ವರ್ಷದಲ್ಲಿ ಈ ಜಾಗವನ್ನು ಖಾಲಿ ಬಿಟ್ಟಿರಲಿಲ್ಲ. ಇರಲಿ, ಆಮೇಲೆ ತುಂಬಿದರಾಯಿತು.

ಏಪ್ರಿಲ್ ೨, ಬುಧವಾರ

ಅಲ್ಮೇರಾ ಕೈ ಒಂದು. ಸೈಕಲ್ ಬೀಗ ಎರಡು.

ಮೈ ಉರಿಯುತ್ತಿದೆ. ಅವನ ಅಕ್ಕ ಅಂಗಡಿಗೇ ಬಂದಿದ್ದಳು. ಎಷ್ಟು ಧೈರ್ಯ ನೋಡಿ. ಐವತ್ತು ದಾಟಿದ ಹೆಂಗಸು, ಬೆರಳ ತುದಿಗೆಲ್ಲ ಸೂಜಿ ಚುಚ್ಚಿದ ಗುರುತು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವ ಕೆಲಸವಂತೆ. ಬೈಯುತ್ತಾಳೆ, ಅಳುತ್ತಾಳೆ, ಜನ ಸೇರಿಸುತ್ತಾಳೆ ಅಂತ ನಾನು ಸಿದ್ಧನಾಗಿ ನಿಂತೆ. ಅವಳು ಏನೂ ಮಾಡಲಿಲ್ಲ. ಕೌಂಟರಿನ ಆಚೆ ಗಿರಾಕಿಯ ಹಾಗೆ ನಿಂತುಕೊಂಡಳು.

ತಮ್ಮನಿಗೆ ಎಚ್ಚರ ಬಂದಿದೆಯಂತೆ. ಬಲಗೈ ಬಲಗಾಲು ಆಡುತ್ತಿಲ್ಲ, ಮಾತು ನಿಂತಿದೆ. ಏನೋ ಹೇಳಬೇಕು ಅಂತ ಒದ್ದಾಡುತ್ತಾನೆ, ಎಡಗೈ ಎತ್ತಿ ಹೀಗೆ ಹೀಗೆ ಮಾಡುತ್ತಾನೆ, ನಮಗೆ ತಿಳಿಯುತ್ತಿಲ್ಲ ಅಂದಳು. ಹೆಬ್ಬೆರಳು ತೋರುಬೆರಳು ಜೋಡಿಸಿ ಗಾಳಿಯಲ್ಲಿ ತಿರುಗಿಸಿ ತೋರಿಸಿದಳು. ಒಂದು ಸಲ ಬಲಕ್ಕೆ, ಒಂದು ಸಲ ಎಡಕ್ಕೆ.

ನನಗೂ ಗೊತ್ತಿಲ್ಲ ಅಂದೆ.

ಆಮೇಲೆ ಕೇಳಿದಳು. "ನಮ್ ಬಾಗಿಲಿನ ಬೀಗ ತಗೊಂಡು ಹೋಗಿದ್ದ. ಬೀಗದ ಕೈ ಎಲ್ಲೋ ಬೀಳಿಸ್ಕೊಂಡಿದ್ದ, ಈಗ ಕಳ್ಳರ ಕಾಟ ಜಾಸ್ತಿ, ಹೊಸದು ಮಾಡಿಸ್ಕೊಂಡು ಬರ್ತೀನಿ ಅಂದ. ಹಿತ್ತಾಳೇದು, ನಮ್ಮಮ್ಮನ ಕಾಲದ್ದು. ಅದೇನಾದ್ರೂ ಸಿಕ್ತಾ ಅಂತ."

ಎಂಥ ನಯವಾದ ಕಟ್ಟುಕತೆ. ಯಾರೋ ವಕೀಲರು ಹೇಳಿಕೊಟ್ಟಿರಬೇಕು. ಅಂಥದ್ದು ಏನೂ ಸಿಕ್ಕಿಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿದೆ. ಬೇಕಾದರೆ ಹೊಸ ಬೀಗ ತಗೊಂಡು ಹೋಗು, ದುಡ್ಡು ಬೇಡ ಅಂದೆ. ಬೇಡಪ್ಪ ಅಂದಳು. ಬಾಗಿಲನ್ನು ಸದ್ಯಕ್ಕೆ ತಂತಿಯಲ್ಲಿ ಕಟ್ಟಿಟ್ಟು ಆಸ್ಪತ್ರೆಗೆ ಹೋಗಿಬರುತ್ತಾಳಂತೆ.

ಅವಳು ಹೋದ ಮೇಲೆ ಸೈಕಲ್ ಬೀಗದ ಕೈಯನ್ನು ಎರಡು ಸಲ ತಪ್ಪಾಗಿ ಕೊರೆದೆ. ಇಂಥವರು ಬಂದು ಹೋದರೆ ದಿನವೇ ಹಾಳು.

ಏಪ್ರಿಲ್ ೧೦, ಗುರುವಾರ

ಇವಳು ಉಳಿದ ಐದು ಹೂವಿನ ಲೋಟಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಹಳೆ ಸಾಮಾನಿನವನಿಗೆ ಹಾಕಿಬಿಟ್ಟಿದ್ದಾಳೆ. ಅವಳ ತಾಯಿ ಮದುವೆಗೆ ಕೊಟ್ಟದ್ದು. ನನಗೆ ರೇಗಿತು. ಒಂದು ಲೋಟ ಒಡೆದರೆ ಐದನ್ನು ಕೊಟ್ಟುಬಿಡುತ್ತಾರಾ ಅಂತ ಕೂಗಾಡಿದೆ. "ನೋಡೋಕಾಗಲ್ಲ" ಅಂದಳು. ಆಮೇಲೆ ನನ್ನನ್ನೇ ನೋಡುತ್ತಾ ನಿಂತಳು, ಏನೋ ಕೇಳಲಿ ಅಂತ ಕಾಯುವವಳ ಹಾಗೆ. ನನಗೆ ಸಂಘದ ಕಚೇರಿಗೆ ಹೊತ್ತಾಗಿತ್ತು.

ಅವಳಿಗೇನು ಗೊತ್ತು. ಚಾಕು ಹಿಡಿದವನ ಎದುರು ನಿಂತದ್ದು ನಾನು, ಅವಳಲ್ಲ. ಚಾಕು ಏಕೆ ಸಿಗಲಿಲ್ಲ ಅಂತ ಇನ್ಸ್‌ಪೆಕ್ಟರ್ ಮತ್ತೆ ಕೇಳಿದರು. ಹಿಂಬಾಗಿಲಾಚೆ ಜೊತೆಗಾರ ಒಬ್ಬ ಇದ್ದಿರಬೇಕು, ಎತ್ತಿಕೊಂಡು ಓಡಿರಬೇಕು. ನೆರಳು ಸರಿದ ಹಾಗೆ ನನಗೆ ಆಗಲೇ ಅನ್ನಿಸಿತ್ತು.

ಏಪ್ರಿಲ್ ೧೭, ಗುರುವಾರ

ಗೋದಾಮಿನ ಬಾಗಿಲಿಗೆ ದೊಡ್ಡ ಬೀಗ ಒಂದು.

ಮಂಗಳವಾರ ಸಮಿತಿಯ ಮುಂದೆ ಹೋಗಬೇಕು. ಸಂಘದ ವಕೀಲೆ ಬಂದು ಎರಡು ಗಂಟೆ ಪಾಠ ಹೇಳಿದರು. ಚುರುಕಾದ ಹುಡುಗಿ, ಮಾತು ಕತ್ತರಿಯ ಹಾಗೆ. ಸಮಿತಿಯಲ್ಲಿ ಒಬ್ಬರು ನಿವೃತ್ತ ನ್ಯಾಯಾಧೀಶೆ ಇದ್ದಾರೆ, ಆಕೆ ಇಂಥ ಹೇಳಿಕೆಗಳನ್ನು ಸುಲಭಕ್ಕೆ ನಂಬುವುದಿಲ್ಲ, ಒಂದೂವರೆ ತಿಂಗಳಾದ ಮೇಲೆ ನೆನಪು ಯಾರಿಗೂ ನೆಟ್ಟಗಿರುವುದಿಲ್ಲ ಅನ್ನುತ್ತಾರಂತೆ. "ಆ ದಿನವೇ ಬರೆದದ್ದು ಏನಾದ್ರೂ ಇದ್ಯಾ? ಒಂದು ಕಾಗದ, ಒಂದು ಮೆಸೇಜು, ಏನಾದ್ರೂ?" ಅಂದರು.

ನಾನು ನಕ್ಕೆ. ಇಪ್ಪತ್ತಾರು ವರ್ಷದ್ದು ಇದೆ ಅಂದೆ. ಹೊಲಿದ ಪುಸ್ತಕ, ಪುಟಕ್ಕೆ ಸಂಖ್ಯೆ, ಒಂದು ಹಾಳೆ ಹರಿದಿಲ್ಲ, ಒಂದು ಅಕ್ಷರ ಅಳಿಸಿಲ್ಲ ಅಂದೆ. ವಕೀಲೆಯ ಮುಖ ಅರಳಿತು. ಮೈಕಣ್ಣ ಕೂತಲ್ಲಿಂದ ಎದ್ದೇಬಿಟ್ಟರು. ನಾಲ್ಕನೇ ತಾರೀಕಿನ ಪುಟವನ್ನು ಸಮಿತಿಯ ಮುಂದೆ ನಾನೇ ಗಟ್ಟಿಯಾಗಿ ಓದಬೇಕು ಅಂತ ತೀರ್ಮಾನವಾಯಿತು. ವಕೀಲೆ ಈಗಲೇ ನೋಡಬೇಕು ಅಂದರು. ಅದರಲ್ಲಿ ಹೆಂಡತಿಯನ್ನು ಬೈದದ್ದೂ ಇದೆ, ಆ ಒಂದು ಪುಟ ನಕಲು ಮಾಡಿ ಕೊಡುತ್ತೇನೆ ಅಂದೆ. ಎಲ್ಲರೂ ನಕ್ಕರು.

ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದ. ಅವನು ಹೇಳಿಕೊಟ್ಟದ್ದು ಇವತ್ತು ನನ್ನನ್ನು ಕಾಯಿತು.

ಏಪ್ರಿಲ್ ೧೮, ಶುಕ್ರವಾರ

ಬೆಳಿಗ್ಗೆ ಅಂಗಡಿ ತೆಗೆದು, ಬಿಳಿ ಹಾಳೆ, ಹೊಸ ಪೆನ್ನು ಇಟ್ಟುಕೊಂಡು, ನಕಲು ಮಾಡಲು ನಾಲ್ಕನೇ ತಾರೀಕಿನ ಪುಟ ತೆಗೆದೆ.

ಓದಿದೆ. ಇನ್ನೊಂದು ಸಲ ಓದಿದೆ. ಬೇರೆ ಯಾರೋ ಬರೆದಿಟ್ಟಿದ್ದಾರೆ ಅನ್ನಿಸಿ ಅಕ್ಷರ ನೋಡಿದೆ. ನನ್ನದೇ ಅಕ್ಷರ. ನನ್ನದೇ ಪೆನ್ನು, ನಡುವೆ ಮಸಿ ತೆಳುವಾದ ಜಾಗವೂ ಹಾಗೇ ಇದೆ.

ಚಾಕು ಇಲ್ಲ. ಪುಟದಲ್ಲಿ ಎಲ್ಲೂ ಚಾಕು ಇಲ್ಲ. ಮುಂದಿನ ಪುಟ ನೋಡಿದೆ, ಅಲ್ಲೂ ಇಲ್ಲ. ನೆರಳು ಇಲ್ಲ. ಜೊತೆಗಾರ ಇಲ್ಲ. ಅವನು ತಿರುಗಲಿಲ್ಲ. ನನಗೆ ಬೆನ್ನು ಹಾಕಿ ನಿಂತಿದ್ದ, ನೀರು ಕುಡಿಯುತ್ತಿದ್ದ ಅಂತ ನಾನೇ ಬರೆದಿದ್ದೇನೆ. ಗುಟುಕಿನ ಸದ್ದು ಕೇಳಿಸಿತು ಅಂತಲೂ ಬರೆದಿದ್ದೇನೆ.

ಆದರೆ ಆ ಚಾಕುವನ್ನು ನಾನು ನೋಡಿದ್ದೇನೆ. ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತದೆ, ಹಿಡಿ ಕಪ್ಪು, ಅಲಗು ಒಂದು ಗೇಣು. ನಾನು ಸುಳ್ಳು ಹೇಳುತ್ತಿರಲಿಲ್ಲ. ದೇವರಾಣೆ, ನಿನ್ನೆಯವರೆಗೂ ನಾನು ಸುಳ್ಳು ಹೇಳುತ್ತಿದ್ದೇನೆ ಅಂತ ನನಗೆ ಗೊತ್ತೇ ಇರಲಿಲ್ಲ. ಹಾಗಾದರೆ ಆ ಚಾಕು ಎಲ್ಲಿಂದ ಬಂತು? ಯಾರು ತಂದು ನನ್ನ ತಲೆಯೊಳಗೆ ಇಟ್ಟರು? ಪುಟ ತಿರುಗಿಸುತ್ತ ಹೋದೆ. ಐದನೇ ತಾರೀಕು ಸ್ವಲ್ಪ ತಿರುಗಿದ. ಏಳನೇ ತಾರೀಕು ಕೈಯಲ್ಲಿ ಏನೋ ಬಂತು. ಹದಿನಾರಕ್ಕೆ ಅದು ಮಿಂಚಿತು. ನಾನೇ ದಿನಕ್ಕಿಷ್ಟು ಅಂತ ಅರ ಹಾಕಿ ಉಜ್ಜಿದ್ದೇನೆ, ಬೀಗಕ್ಕೆ ಸರಿಯಾಗಿ ಕೂರುವವರೆಗೆ.

ಬೋರ್ಡು ಬಿಚ್ಚಿದ್ದೂ ಇದೆ. ಬಣ್ಣ ಎದ್ದಿತ್ತಂತೆ. ಆ ಬೋರ್ಡಿನ ಬಣ್ಣ ಎದ್ದು ಹತ್ತು ವರ್ಷವಾಯಿತು.

ಒಳಗೆ ಬನ್ನಿ ಅಂತ ಕರೆದವನು ನಾನು. ಅವನು ಕಳ್ಳರಿಗೆ ಹೆದರಿ ಬೀಗ ತಂದಿದ್ದ.

ಬ್ಲೇಡು ಕೈಗೆ ತಗೊಂಡದ್ದು ನಿಜ, ಅದನ್ನೂ ಬರೆದುಬಿಡುತ್ತೇನೆ. ಹೊಲಿಗೆಯ ಪಕ್ಕದಲ್ಲಿ ನವಿರಾಗಿ ಎಳೆದರೆ ಆಯಿತು, ಬೇರೆ ಹಾಳೆ ಸೇರಿಸಿ ಹೊಲಿಯಲು ನನಗೆ ಬರುತ್ತದೆ. ಬ್ಲೇಡು ಪುಟದ ಮೇಲಿಟ್ಟೆ. ಹಾಸ್ಟೆಲ್ ವಾರ್ಡನ್ನರು ಬಂದು ಬೀಗದ ಕೈ ಒಂದು ಬಿಗಿಯಾಗುತ್ತಿದೆ ಅಂದರು. ಸರಿಮಾಡಿ ಕೊಟ್ಟೆ. ಅವರು ಹೋದ ಮೇಲೆ ನೋಡಿದರೆ ಬ್ಲೇಡಿನಿಂದ ಪುಟದ ಅಂಚಿನಲ್ಲಿ ಒಂದು ಕೂದಲೆಳೆಯಷ್ಟು ಗೆರೆ ಬಿದ್ದಿದೆ. ಅದಕ್ಕಿಂತ ಮುಂದೆ ಕೈ ಹೋಗಲಿಲ್ಲ. ಒಳ್ಳೆಯತನವಲ್ಲ, ಅಭ್ಯಾಸ.

ಏಪ್ರಿಲ್ ೨೦, ಭಾನುವಾರ

ಏನೂ ಬರೆಯಲಾಗುತ್ತಿಲ್ಲ. ಊಟ ಸೇರುತ್ತಿಲ್ಲ. ನಕಲು ಎಲ್ಲಿ ಅಂತ ಮೈಕಣ್ಣ ಐದು ಸಲ ಫೋನ್ ಮಾಡಿದರು. ಪುಸ್ತಕವನ್ನೇ ತರುತ್ತೇನೆ ಅಂದೆ. ಇನ್ನೂ ಒಳ್ಳೆಯದಾಯಿತು ಅಂದರು.

ಏಪ್ರಿಲ್ ೨೨, ಮಂಗಳವಾರ

ಉದ್ದನೆಯ ಮೇಜು, ಆಚೆ ಏಳು ಜನ. ಹಿಂದಿನ ಕುರ್ಚಿಗಳಲ್ಲಿ ಸಂಘದವರು, ಎದೆಗೆ ಬಿಲ್ಲೆ ಚುಚ್ಚಿಕೊಂಡು. ಮೈಕಣ್ಣನ ಪಕ್ಕದಲ್ಲಿ ದಂತವೈದ್ಯರೂ ಇದ್ದರು.

ಓದಿದೆ. ಔಷಧಿ ಅಂಗಡಿಯ ಬೀರುವಿನಿಂದ ಶುರು ಮಾಡಿದೆ. ಬೆನ್ನು ಹಾಕಿ ನಿಂತಿದ್ದ ಅನ್ನುವಲ್ಲಿಗೆ ಬಂದಾಗ ದನಿ ತಗ್ಗಿತು. ಗಟ್ಟಿಯಾಗಿ ಓದಿ ಅಂದರು ನಿವೃತ್ತ ನ್ಯಾಯಾಧೀಶೆ. ಗಟ್ಟಿಯಾಗಿ ಓದಿದೆ. ಹಿಂದೆ ಕುರ್ಚಿಗಳು ಕಿರುಗುಟ್ಟಿದವು. ವಕೀಲೆ ಏನೋ ಹೇಳಲು ಎದ್ದರು, ಆಕೆ ಕೈ ಮಾಡಿ ಕೂರಿಸಿದರು. ನಾಲ್ಕನೇ ತಾರೀಕು ಮುಗಿಸಿ ಐದು ಓದಿದೆ, ಏಳು, ಹನ್ನೊಂದು, ಎಲ್ಲವನ್ನೂ ಓದಿದೆ. ಹೆಂಡತಿಯನ್ನು ಬೈದದ್ದನ್ನೂ ಬಿಡಲಿಲ್ಲ.

ಮುಗಿದ ಮೇಲೆ ಆಕೆ ಒಂದೇ ಪ್ರಶ್ನೆ ಕೇಳಿದರು. ಈ ಹೊಸ ಕಾನೂನು ಬಂದರೆ ನಿಮ್ಮ ಮೇಲೆ ಕೇಸೇ ಇರುವುದಿಲ್ಲ, ಅದು ಗೊತ್ತಿದೆಯಲ್ಲ ಅಂದರು.

"ಗೊತ್ತು ಮೇಡಂ. ಅದು ಮೊದ್ಲೇ ಇದ್ದಿದ್ರೆ ಈ ಪುಸ್ತಕ ಓದಿ ಅಂತ ಯಾರೂ ಹೇಳ್ತಿರಲಿಲ್ಲ. ನಾನೂ ಓದ್ತಿರಲಿಲ್ಲ."

ಆಕೆ ಅದನ್ನು ಬರೆದುಕೊಂಡರು. ಕಾನೂನು ಏನಾಗುತ್ತದೋ ಗೊತ್ತಿಲ್ಲ. ಹೊರಗೆ ಬಂದರೆ ಸಂಘದವರ ವ್ಯಾನು ಹೊರಟುಹೋಗಿತ್ತು. ಮೈಕಣ್ಣ ಬಾಗಿಲ ಹತ್ತಿರ ನನ್ನನ್ನು ನೋಡಿ, ಮೊದಲ ಸಲ ಸಣ್ಣ ದನಿಯಲ್ಲಿ, ಥೂ ಅಂದಿದ್ದರು.

ನಡೆದುಕೊಂಡು ಆಸ್ಪತ್ರೆಗೆ ಹೋದೆ. ಅವನ ಹತ್ತಿರ ಹೋಗುವ ಧೈರ್ಯ ಬರಲಿಲ್ಲ, ವಾರ್ಡಿನ ಹೊರಗಿನ ಬೆಂಚಿನಲ್ಲಿ ಅಕ್ಕ ಸಿಕ್ಕಳು. ಬೀಗ, ಹೊಸ ಕೈ ಎರಡನ್ನೂ ಅವಳ ಮಡಿಲಿಗಿಟ್ಟೆ. ಸಿಕ್ಕಿತ್ತು, ಮೊದಲ ದಿನವೇ ಸಿಕ್ಕಿತ್ತು, ನೀನು ಬಂದಾಗ ಸುಳ್ಳು ಹೇಳಿದೆ ಅಂದೆ. ಅವಳು ಬೀಗಕ್ಕೆ ಹೊಸ ಕೈ ಹಾಕಿ ತಿರುಗಿಸಿದಳು. ತಿರುಗಿಸಿದ ತನ್ನದೇ ಹೆಬ್ಬೆರಳು ತೋರುಬೆರಳುಗಳನ್ನು ನೋಡುತ್ತಾ ಕೂತಳು. ಆಮೇಲೆ ಗಕ್ಕನೆ ಎದ್ದು ಒಳಗೆ ಓಡಿದಳು. ನನಗೆ ಒಂದು ಬೈಗುಳ ಬೈದಿದ್ದರೂ ಚೆನ್ನಾಗಿರುತ್ತಿತ್ತು.

ಮನೆಗೆ ಬಂದಾಗ ನಾಲ್ಕು ಗಂಟೆ. ಇವಳು ಹಿಂದಿನ ಕೋಣೆಯಲ್ಲಿ ಬೆಂಚಿನ ಹತ್ತಿರ ಕೂತಿದ್ದಳು. ಎಲ್ಲ ಓದಿಬಿಟ್ಟೆ, ನಾಳೆ ಇನ್ಸ್‌ಪೆಕ್ಟರ್ ಬರುತ್ತಾರೆ, ಕರೆದುಕೊಂಡು ಹೋಗಬಹುದು ಅಂದೆ. ಅವನು ತಿರುಗಲಿಲ್ಲ, ನೀರು ಕುಡಿಯುತ್ತಿದ್ದ, ಅದನ್ನೂ ಹೇಳಿದೆ ಅಂದೆ. ಆಗ ತಲೆ ಎತ್ತಿದಳು.

ನಲವತ್ತೊಂಬತ್ತು ದಿನದ ಮೇಲೆ ನಾನು ಕೇಳಿದೆ. ಅಷ್ಟು ಎತ್ತರದಲ್ಲಿದ್ದ ಲೋಟ ಅವನ ಕೈಗೆ ಹೇಗೆ ಬಂತು ಅಂದೆ.

"ನಾನೇ ಕೊಟ್ಟೆ" ಅಂದಳು. "ಬೋರ್ಡ್ ನೋಡಿ ಬಂದೆ ಅಂದ್ರು. ಬಿಸಿಲಲ್ಲಿ ಬಂದಿದ್ರು, ಬಾಯಾರಿಕೆ ಅಂದ್ರು. ಸ್ಟೂಲ್ ಹತ್ತಿ ಒಳ್ಳೆ ಲೋಟ ಇಳಿಸಿ ನೀರು ಕೊಟ್ಟೆ. ಕೂತ್ಕೊಳ್ಳಿ, ಈಗ ಬರ್ತಾರೆ ಅಂತ ಹೇಳಿ ಬಟ್ಟೆ ತರೋಕೆ ಮೇಲೆ ಹೋದೆ."

ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳಿದೆ.

"ಪೊಲೀಸ್ನೋರು ಕೇಳಿದ್ದು ಪರಿಚಯ ಇದ್ಯಾ ಅಂತ. ಇರ್ಲಿಲ್ಲ. ಹೇಳಿದ್ರೆ ನೀವು ಒಳಗೆ ಹೋಗ್ತೀರಿ ಅಂತ ಹೆದರಿಕೆ. ನೀವೇ ಕೇಳಿದ್ರೆ ಹೇಳೋಣ ಅಂತ ದಿನಾ ಕಾಯ್ತಿದ್ದೆ. ನೀವು ಊರಿಗೆಲ್ಲ ಹೇಳಿದ್ರಿ. ನನ್ನನ್ನ ಒಂದ್ ಸಲನೂ ಕೇಳ್ಲಿಲ್ಲ."

ಅವಳೇ ಎದ್ದು ಎರಡು ಸ್ಟೀಲ್ ಲೋಟಗಳಲ್ಲಿ ನೀರು ತಂದಳು. ಒಂದನ್ನು ನನ್ನ ಮುಂದಿಟ್ಟಳು. ನನಗೆ ಅದನ್ನು ಕುಡಿಯಲಾಗಲಿಲ್ಲ.

ಮಾರ್ಚ್ ೨೩ರ ಪುಟದಲ್ಲಿ ಖಾಲಿ ಬಿಟ್ಟಿದ್ದ ಜಾಗ ಈಗ ತುಂಬಿದೆ. ಹಿತ್ತಾಳೆ ಬೀಗಕ್ಕೆ ಹೊಸ ಕೈ ಒಂದು. ಗಿರಾಕಿ: ಮಾರ್ಚ್ ೪ರಂದು ನಮ್ಮ ಮನೆಗೆ ಬಂದವರು. ಬರುವಾಗ ಬಾಗಿಲು ತೆರೆದಿತ್ತು.